ದುಬೈ ಕೆಲಸಕ್ಕೆ ಹೊರಡುವ ಮೊದಲು ಊರಿನಲ್ಲೇ ಮುಗಿಸಬೇಕಾದ ಕೆಲಸಗಳು

ದುಬೈಯಲ್ಲೋ ಅಬುಧಾಬಿಯಲ್ಲೋ ಕೆಲಸ ಸಿಕ್ಕಿತು ಅಂದ ಕೂಡಲೇ ಮನೆಯಲ್ಲಿ ಸೂಟ್‌ಕೇಸಿನ ಮಾತು ಶುರುವಾಗುತ್ತದೆ. ಎಷ್ಟು ಕಿಲೋ ಒಯ್ಯಬಹುದು, ಉಪ್ಪಿನಕಾಯಿ ಬಿಡ್ತಾರಾ, ಕುಚ್ಚಲಕ್ಕಿ ಅಲ್ಲಿ ಸಿಗುತ್ತಾ? ಸಿಗುತ್ತದೆ, ಚಿಂತೆ ಬೇಡ. ಅಲ್ಲಿ ಸಿಗದೇ ಇರುವುದು ನಿಮ್ಮ ಊರಿನ ಸಬ್ ರಿಜಿಸ್ಟ್ರಾರ್ ಆಫೀಸು, ನಿಮ್ಮ ಯೂನಿವರ್ಸಿಟಿಯ ಪರೀಕ್ಷಾ ವಿಭಾಗ, ನಿಮ್ಮ ಸೊಸೈಟಿಯ ಕಾರ್ಯದರ್ಶಿ.

ಯಾವುದನ್ನು ಇಲ್ಲೇ ಮುಗಿಸಬೇಕು, ಯಾವುದನ್ನು ಆಮೇಲೆ ನೋಡಿಕೊಳ್ಳಬಹುದು ಅನ್ನುವುದಕ್ಕೆ ನಾನು ಹೇಳುವ ಲೆಕ್ಕ ಸರಳ. ಈ ಕೆಲಸಕ್ಕೆ ನಿಮ್ಮ ಸಹಿ ಬೇಕಾ? ಬೆರಳಚ್ಚು ಬೇಕಾ? ನಿಮ್ಮ ಇಲ್ಲಿನ ನಂಬರಿಗೆ ಬರುವ ಓಟಿಪಿ ಬೇಕಾ? ಮೂರರಲ್ಲಿ ಒಂದು ಬೇಕಿದ್ದರೂ ಆ ಕೆಲಸ ವಿಮಾನ ಹತ್ತುವ ಮೊದಲು ಮುಗಿಯಬೇಕು. ಊರಿನಲ್ಲಿ ಅರ್ಧ ದಿನದಲ್ಲಿ ಆಗುವ ಕೆಲಸ ಅಲ್ಲಿಂದ ಮಾಡಿಸಲು ಹೊರಟರೆ ತಿಂಗಳುಗಟ್ಟಲೆ ಎಳೆಯುತ್ತದೆ.

ಇಲ್ಲಿ ಯುಎಇಯನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಬ್ಯಾಂಕು, ಪವರ್ ಆಫ್ ಅಟಾರ್ನಿ, ಮೊಬೈಲ್ ನಂಬರಿನ ವಿಷಯ ಬೇರೆ ದೇಶಕ್ಕೆ ಹೋಗುವವರಿಗೂ ಹೆಚ್ಚುಕಮ್ಮಿ ಇದೇ.

ಹೆಜ್ಜೆ 1: ರಾಜೀನಾಮೆ ಕೊಡುವ ಮೊದಲು ಆಫರ್ ಲೆಟರ್ ಓದಿ

ಎಲ್ಲರೂ ನೋಡುವುದು ಒಟ್ಟು ಸಂಬಳ. ನೀವು ಮೊದಲು ನೋಡಬೇಕಾದ್ದು ಬೇಸಿಕ್, ಅಂದರೆ ಅಲೋವೆನ್ಸ್ ಬಿಟ್ಟ ಮೂಲ ವೇತನ. ಯಾಕೆಂದರೆ ಅಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ ಲೆಕ್ಕ ಆಗುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಒಂದು ಉದಾಹರಣೆ ನೋಡಿ. ಒಟ್ಟು ಸಂಬಳ 6,000 ದಿರ್ಹಂ ಎಂದು ಎರಡು ಕಂಪನಿಗಳು ಕರೆದಿವೆ. ಒಂದರಲ್ಲಿ ಬೇಸಿಕ್ 2,400, ಉಳಿದದ್ದು ಅಲೋವೆನ್ಸ್. ಇನ್ನೊಂದರಲ್ಲಿ ಬೇಸಿಕ್ 3,600. ಐದು ವರ್ಷ ದುಡಿದು ಹೊರಬಂದರೆ ಮೊದಲಿನವರು ಕೊಡುವುದು 8,400 ದಿರ್ಹಂ, ಎರಡನೆಯವರು 12,600. ತಿಂಗಳ ಸಂಬಳ ಒಂದೇ, ಕೊನೆಗೆ ಕೈಗೆ ಬರುವುದರಲ್ಲಿ 4,200 ವ್ಯತ್ಯಾಸ. ಆಫರ್ ಬಂದಾಗಲೇ ಕೇಳಿದರೆ ಕೆಲವರು ಬೇಸಿಕ್ ಏರಿಸುತ್ತಾರೆ. ಸಹಿ ಮಾಡಿದ ಮೇಲೆ ಯಾರೂ ಏರಿಸುವುದಿಲ್ಲ.

ವೀಸಾ ಖರ್ಚು ಕಂಪನಿಯದ್ದು. ಅಲ್ಲಿನ ಕಾನೂನೇ ಹಾಗಿದೆ. 'ವೀಸಾಕ್ಕೆ ಒಂದೂವರೆ ಲಕ್ಷ ಆಗುತ್ತೆ, ಸಂಬಳದಲ್ಲಿ ಹಿಡ್ಕೊಳ್ತೀವಿ' ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ಏಜೆಂಟ್ ಮೂಲಕ ಹೋಗುವುದಾದರೆ ಆತ ಭಾರತ ಸರ್ಕಾರದಲ್ಲಿ ನೋಂದಾಯಿಸಿದವನೇ ಎಂದು ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೇಳಿ. ಪಕ್ಕದ ಊರಿನ ಪರಿಚಯದವರು ಅನ್ನುವ ಒಂದೇ ಕಾರಣಕ್ಕೆ ದುಡ್ಡು ಕೊಟ್ಟು ಕೈಸುಟ್ಟುಕೊಂಡವರು ಕರಾವಳಿಯ ಪ್ರತಿ ಊರಿನಲ್ಲೂ ಸಿಗುತ್ತಾರೆ.

'ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಇಲ್ಲಿ ಬಂದ ಮೇಲೆ ಮಾಡಿಸ್ತೀವಿ' ಅನ್ನುವುದು ಇನ್ನೊಂದು ಹಳೇ ಮಾತು. ಕೆಲಸ ಹುಡುಕಲು ಆ ವೀಸಾದಲ್ಲಿ ಹೋಗುವವರಿದ್ದಾರೆ, ಅದು ಅವರ ಲೆಕ್ಕ. ಆದರೆ ಕೆಲಸ ಕೊಟ್ಟಿದ್ದೇನೆ ಅನ್ನುವ ಕಂಪನಿಯೇ ವಿಸಿಟ್ ವೀಸಾ ಕಳಿಸಿದರೆ ಅದರಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ನರಳುವವರು ನೀವೇ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಇಸಿಆರ್ (ವಲಸೆಗೆ ಸರ್ಕಾರದ ಅನುಮತಿ ಬೇಕಾದ) ವರ್ಗಕ್ಕೆ ಸೇರುತ್ತದೆ. ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಇವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ ಸಿಗುತ್ತದೆ. ನಾಮಿನಿ ಹೆಸರು ಸರಿಯಾಗಿ ಬರೆಸಿ, ಪಾಲಿಸಿಯ ಕಾಪಿ ಮನೆಯಲ್ಲಿ ಬಿಡಿ.

ಇನ್ನೊಂದು ಮಾತು. ಅಲ್ಲಿ ಇಳಿದ ಮೇಲೆ ಮೆಡಿಕಲ್ ಆಗುತ್ತದೆ, ಎದೆಯ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ. ಕ್ಷಯ, ಎಚ್‌ಐವಿ ಇದೆಯೇ ಎಂದು ನೋಡುತ್ತಾರೆ. ಫೇಲಾದರೆ ವಾಪಸ್. ಹಿಂದೆ ಎಂದಾದರೂ ಟಿಬಿ ಆಗಿದ್ದರೆ ಇಲ್ಲೇ ಒಂದು ಎಕ್ಸ್‌ರೇ ತೆಗೆಸಿ ಡಾಕ್ಟರಿಗೆ ತೋರಿಸಿ, ಆಮೇಲೆ ರಾಜೀನಾಮೆ ಬರೆಯಿರಿ.

ಹೆಜ್ಜೆ 2: ಇನಿಷಿಯಲ್ಲಿನ ಗೋಜಲು ಬಿಡಿಸಿಕೊಳ್ಳಿ

ನಮ್ಮ ಕಡೆಯ ಹೆಸರುಗಳಿಗೆ ಮಾತ್ರ ಬರುವ ಫಜೀತಿ ಇದು. ಮಾರ್ಕ್ಸ್ ಕಾರ್ಡಿನಲ್ಲಿ 'ಮಂಜುನಾಥ ಕೆ. ಆರ್.', ಆಧಾರಿನಲ್ಲಿ 'ಮಂಜುನಾಥ್', ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಅಲ್ಲಿನ ಆಫೀಸಿನಲ್ಲಿ ಕೂತವರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು.

ಪಾಸ್‌ಪೋರ್ಟಿನಲ್ಲಿ ಹೆಸರು ಮತ್ತು ಸರ್‌ನೇಮ್ ಎರಡೂ ಕಾಲಂ ತುಂಬಿರುವುದು ಒಳ್ಳೆಯದು. ಒಂದು ಕಾಲಂ ಖಾಲಿ ಇರುವ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರಿನಿಂದ ವಿಸಿಟ್ ವೀಸಾದ ವಿಷಯದಲ್ಲಿ ತಕರಾರು ತೆಗೆಯುತ್ತಿದೆ. ನಿಮಗೆ ಸಿಗುವುದು ಕೆಲಸದ ವೀಸಾ ಇರಬಹುದು, ನಾಳೆ ನಿಮ್ಮನ್ನು ನೋಡಲು ಬರುವ ಅಮ್ಮನಿಗೆ ವಿಸಿಟ್ ವೀಸಾನೇ ಅಲ್ವಾ? ಅವರ ಪಾಸ್‌ಪೋರ್ಟನ್ನೂ ಈಗಲೇ ನೋಡಿ.

ಪಾಸ್‌ಪೋರ್ಟನ್ನೇ ಆಧಾರವಾಗಿ ಇಟ್ಟುಕೊಂಡು ಪ್ಯಾನ್, ಆಧಾರ್, ಬ್ಯಾಂಕಿನ ಹೆಸರನ್ನು ಅದಕ್ಕೆ ಹೊಂದಿಸಿ. ಮಾರ್ಕ್ಸ್ ಕಾರ್ಡ್ ಬದಲಾಯಿಸುವುದು ದೊಡ್ಡ ಕೆಲಸ. ಅದಕ್ಕೆ ಎರಡೂ ಹೆಸರು ಒಬ್ಬರದೇ ಎನ್ನುವ ಅಫಿಡವಿಟ್ ಮಾಡಿಸಿ ಜೊತೆಗಿಟ್ಟುಕೊಳ್ಳಿ. ಆಧಾರ್ ಕೇಂದ್ರಕ್ಕೆ ಹೋದಾಗ ಬೆರಳಚ್ಚು ಮತ್ತು ಮೊಬೈಲ್ ನಂಬರನ್ನೂ ಒಟ್ಟಿಗೇ ಅಪ್‌ಡೇಟ್ ಮಾಡಿಸಿ. ಬೆರಳಚ್ಚಿನದ್ದು ಕೂತಲ್ಲಿಂದ ಆಗುವ ಕೆಲಸ ಅಲ್ಲ. ಪಾಸ್‌ಪೋರ್ಟಿನ ಅವಧಿ ಮುಗಿಯಲು ವರ್ಷ ಮಾತ್ರ ಉಳಿದಿದ್ದರೆ ಈಗಲೇ ನವೀಕರಿಸಿ. 36 ಪುಟದ್ದಕ್ಕೆ 1,500 ರೂಪಾಯಿ.

ಹೆಜ್ಜೆ 3: ಡಿಗ್ರಿಗೆ ಮೊಹರು ಹಾಕಿಸುವುದು

ಜಾಸ್ತಿ ಸಮಯ ತಿನ್ನುವುದು ಇದೇ. ಹಾಗಾಗಿ ಆಫರ್ ಬಂದ ವಾರವೇ ಶುರು ಮಾಡಿ. ಡಿಗ್ರಿ ಅಸಲಿ ಎಂದು ಸರ್ಕಾರಿ ಕಚೇರಿಗಳಿಂದ ದೃಢೀಕರಿಸಿಕೊಳ್ಳುವುದಕ್ಕೆ ಅಟೆಸ್ಟೇಷನ್ ಎನ್ನುತ್ತಾರೆ.

ಅಟೆಸ್ಟೇಷನ್‌ಗೆ ಬೇಕಾದ್ದು ಘಟಿಕೋತ್ಸವದ ಮೂಲ ಪ್ರಮಾಣಪತ್ರ. ನಮ್ಮಲ್ಲಿ ಎಷ್ಟೋ ಜನ ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಇಟ್ಟುಕೊಂಡೇ ಹತ್ತು ವರ್ಷ ನೌಕರಿ ಮಾಡಿರುತ್ತಾರೆ. ಇಲ್ಲಿ ಯಾರೂ ಕೇಳಿರುವುದಿಲ್ಲ. ಅಲ್ಲಿ ಕೇಳುತ್ತಾರೆ. ನಿಮ್ಮ ಹತ್ತಿರ ಪಿಡಿಸಿ ಮಾತ್ರ ಇದ್ದರೆ ಮೊದಲು ಯೂನಿವರ್ಸಿಟಿಗೆ ಅರ್ಜಿ ಹಾಕಿ. ಇನ್ನು, ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿಟ್ಟ ಪ್ರಮಾಣಪತ್ರದ ಮೇಲೆ ಮೊಹರು ಕೂರುವುದಿಲ್ಲ. ಅದನ್ನು ಬಿಡಿಸಲು ಹೋಗಿ ಹರಿದುಕೊಳ್ಳಬೇಡಿ, ಅದಕ್ಕೆ ಕೈಪಳಗಿದವರಿದ್ದಾರೆ. ಅವರಿಗೂ ಆಗದಿದ್ದರೆ ಎರಡನೇ ಪ್ರತಿಗೆ ಅರ್ಜಿ ಹಾಕಬೇಕಾಗುತ್ತದೆ.

ದಾರಿ ಹೀಗಿದೆ. ಮೊದಲು ರಾಜ್ಯ ಮಟ್ಟದಲ್ಲಿ ದೃಢೀಕರಣ. ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ. ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ. ಕೊನೆಯದಾಗಿ ಯುಎಇಯ ವಿದೇಶಾಂಗ ಸಚಿವಾಲಯ. ಒಂದು ಮೊಹರು ಬಿದ್ದ ಮೇಲೆಯೇ ಮುಂದಿನದ್ದು. ನಮ್ಮ ವಿದೇಶಾಂಗ ಸಚಿವಾಲಯ 2012ರ ಜುಲೈಯಿಂದ ಜನರ ಕೈಯಿಂದ ನೇರವಾಗಿ ಕಾಗದ ತೆಗೆದುಕೊಳ್ಳುತ್ತಿಲ್ಲ. ಸಚಿವಾಲಯ ಗೊತ್ತುಮಾಡಿದ ಏಜೆನ್ಸಿಗಳ ಮೂಲಕ ಕೊಡಬೇಕು. ಅವುಗಳ ಪಟ್ಟಿ ಸಚಿವಾಲಯದ ವೆಬ್‌ಸೈಟಿನಲ್ಲಿದೆ. ಬಸ್‌ಸ್ಟ್ಯಾಂಡ್ ಹತ್ತಿರದ ಟ್ರಾವೆಲ್ಸ್ ಬೋರ್ಡು ನೋಡಿ ಮೂಲ ಡಿಗ್ರಿ ಕೊಟ್ಟುಬಿಡಬೇಡಿ.

ಅಪೋಸ್ಟಿಲ್ ಅನ್ನುವ ಹೆಸರನ್ನೂ ಕೇಳಿರುತ್ತೀರಿ. ಅದು ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ. ವಿದೇಶಾಂಗ ಸಚಿವಾಲಯದ ಒಂದೇ ಮೊಹರು ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಒಮಾನ್, ಬಹರೈನ್ ಆ ಒಪ್ಪಂದದಲ್ಲಿವೆ, ಸೌದಿ 2022ರ ಡಿಸೆಂಬರಿನಲ್ಲಿ ಸೇರಿತು. ಯುಎಇಗೆ ಮಾತ್ರ ಮೇಲೆ ಹೇಳಿದ ಉದ್ದದ ದಾರಿಯೇ. ಅಪೋಸ್ಟಿಲ್ ಮಾಡಿಸಿಕೊಂಡು ದುಬೈಗೆ ಹೋದರೆ ದುಡ್ಡು ದಂಡ.

ಹೆಂಡತಿ ಮಕ್ಕಳನ್ನು ಮುಂದೆ ಕರೆಸಿಕೊಳ್ಳುವ ಯೋಚನೆ ಇದ್ದರೆ ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರವನ್ನೂ ಇದೇ ಸರದಿಯಲ್ಲಿ ಕಳಿಸಿ. ಛತ್ರದವರು, ದೇವಸ್ಥಾನದವರು ಕೊಟ್ಟ ಪತ್ರ ನಡೆಯುವುದಿಲ್ಲ. ಮದುವೆ ನೋಂದಣಿ ಆಗಿರಬೇಕು. ಆಗಿಲ್ಲ ಅಂದರೆ ಗಂಡ ಹೆಂಡತಿ ಇಬ್ಬರೂ ಊರಿನಲ್ಲಿರುವಾಗಲೇ ಮಾಡಿಸಿ. ಕುಟುಂಬಕ್ಕೆ ವೀಸಾ ಮಾಡಿಸಲು ಅಲ್ಲಿ ಸಂಬಳ ಕನಿಷ್ಠ 4,000 ದಿರ್ಹಂ ಇರಬೇಕು, ಕಂಪನಿ ಮನೆ ಕೊಟ್ಟರೆ 3,000.

ಹೆಜ್ಜೆ 4: ಬ್ಯಾಂಕು

ಕೆಲಸಕ್ಕೆಂದು ದೇಶ ಬಿಟ್ಟ ಮೇಲೆ ಫೆಮಾ, ಅಂದರೆ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ನೀವು ಅನಿವಾಸಿ. ಹಳೇ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. 'ಯಾರು ನೋಡ್ತಾರೆ' ಅಂತ ಸುಮ್ನೆ ಬಿಟ್ಟವರು ಬಹಳ. ಮುಂದೆ ಸೈಟು ಮಾರಿದ ದುಡ್ಡನ್ನು ಹೊರಗೆ ಕಳಿಸುವಾಗಲೋ ಕೆವೈಸಿ ನವೀಕರಣದಲ್ಲಿ ಖಾತೆ ಸ್ಥಗಿತ ಆದಾಗಲೋ ಅವರು ಓಡಾಡಬೇಕಾಗುತ್ತದೆ.

ಅನಿವಾಸಿಗಳಿಗೆ ಎನ್‌ಆರ್‌ಇ, ಎನ್‌ಆರ್‌ಒ ಎಂದು ಎರಡು ಬಗೆಯ ಖಾತೆ. ವ್ಯತ್ಯಾಸ ಇಷ್ಟೇ. ಅಲ್ಲಿ ದುಡಿದದ್ದು ಬಂದು ಬೀಳುವುದು ಎನ್‌ಆರ್‌ಇಗೆ. ಇಲ್ಲಿನ ಬಾಡಿಗೆ, ಅಡಿಕೆ ದುಡ್ಡು, ಡಿವಿಡೆಂಡು ಬೀಳುವುದು ಎನ್‌ಆರ್‌ಒಗೆ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ದುಡ್ಡನ್ನು ಯಾವಾಗ ಬೇಕಾದರೂ ಹೊರಗೆ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಗೆ ಬ್ಯಾಂಕು ಸೆಸ್ ಸೇರಿ 31.2 ಶೇಕಡಾ ಮೂಲದಲ್ಲೇ ಹಿಡಿಯುತ್ತದೆ. ಯುಎಇಯ ತೆರಿಗೆ ನಿವಾಸಿ ಪ್ರಮಾಣಪತ್ರ ಕೊಟ್ಟರೆ ಎರಡು ದೇಶಗಳ ಒಪ್ಪಂದದಂತೆ ಇದು 12.5ಕ್ಕೆ ಇಳಿಯುತ್ತದೆ. ಹೀಗಾಗಿ ಊರಿನ ಖರ್ಚಿಗೆ ಬೇಕಾದಷ್ಟು ಮಾತ್ರ ಎನ್‌ಆರ್‌ಒದಲ್ಲಿಡಿ.

ವೀಸಾ ಕಾಪಿ ಕೈಗೆ ಬಂದ ಕೂಡಲೇ ಬ್ರಾಂಚಿಗೆ ಹೋಗಿ ಎರಡಕ್ಕೂ ಅರ್ಜಿ ಕೊಡಿ. ಎಷ್ಟೋ ಬ್ಯಾಂಕುಗಳು ಹೊರಡುವ ಮೊದಲೇ ಕಾಗದ ತೆಗೆದುಕೊಂಡು, ನೀವು ಅಲ್ಲಿ ಇಳಿದ ಮೇಲೆ ಖಾತೆ ಚಾಲೂ ಮಾಡುತ್ತವೆ. ಅಪ್ಪ, ಅಮ್ಮ ಅಥವಾ ಹೆಂಡತಿ ಇಲ್ಲಿ ಖಾತೆ ನೋಡಿಕೊಳ್ಳಬೇಕಿದ್ದರೆ ಮ್ಯಾಂಡೇಟ್ ಫಾರಂ ತುಂಬಿಸಿಕೊಡಿ. ನಿಮ್ಮ ಎಟಿಎಂ ಕಾರ್ಡು, ಪಿನ್ನು ಕೊಟ್ಟುಹೋಗುವ ಪದ್ಧತಿ ಬೇಡ.

ಹಳೇ ಖಾತೆಯಿಂದ ತಾನಾಗಿ ಕಡಿತವಾಗುವ ಎಲ್ಲದರ ಪಟ್ಟಿ ಮಾಡಿ: ಮನೆ ಸಾಲದ ಕಂತು, ಎಲ್‌ಐಸಿ, ಎಸ್‌ಐಪಿ, ಮಗುವಿನ ಶಾಲೆ ಫೀಸು. ಖಾತೆ ಎನ್‌ಆರ್‌ಒ ಆದಾಗ ಇವು ಮುಂದುವರಿಯುತ್ತವೆಯೇ ಎಂದು ಒಂದೊಂದನ್ನೂ ಕೇಳಿ. ಮ್ಯೂಚುವಲ್ ಫಂಡಿನ ಕೆವೈಸಿಯಲ್ಲಿ ನಿಮ್ಮ ಸ್ಥಾನಮಾನ ಎನ್‌ಆರ್‌ಐ ಆಗಬೇಕು, ಡಿಮ್ಯಾಟ್ ಖಾತೆಯೂ ಬದಲಾಗಬೇಕು. ಪಿಪಿಎಫ್ ಈಗಾಗಲೇ ಇದ್ದರೆ 15 ವರ್ಷ ತುಂಬುವವರೆಗೆ ಕಟ್ಟಬಹುದು, ಆಮೇಲೆ ವಿಸ್ತರಿಸಲು ಆಗುವುದಿಲ್ಲ. ಅನಿವಾಸಿಯಾದ ಮೇಲೆ ಹೊಸದಾಗಿ ತೆರೆಯಲೂ ಆಗುವುದಿಲ್ಲ.

ಪಿಎಫ್ ತೆಗೆಯಲು ಅವಸರ ಬೇಡ. ವಿದೇಶದಲ್ಲಿ ಕೆಲಸ ಸಿಕ್ಕಿತೆಂದು ಪೂರ್ತಿ ತೆಗೆಯಲು ಅವಕಾಶ ಇದೆ, ಆದರೆ ಸೇವೆ ಐದು ವರ್ಷಕ್ಕಿಂತ ಕಡಿಮೆ ಇದ್ದರೆ ತೆರಿಗೆ ಬೀಳುತ್ತದೆ. ತೆಗೆಯಲಿ ಬಿಡಲಿ, ಹಳೇ ಕಂಪನಿ ನಿರ್ಗಮನದ ದಿನಾಂಕ ಹಾಕಿದೆಯೇ ನೋಡಿ, ಇ-ನಾಮಿನೇಷನ್ ಮುಗಿಸಿ. ಇದಕ್ಕೂ ಆಧಾರ್ ಓಟಿಪಿ ಬೇಕು.

ಹೆಜ್ಜೆ 5: ಆ ಹತ್ತಂಕಿಯ ನಂಬರು

ಬ್ಯಾಂಕು, ಆಧಾರ್, ಪ್ಯಾನ್, ಪಿಎಫ್, ವಿಮೆ ಎಲ್ಲದಕ್ಕೂ ಒಂದೇ ಮೊಬೈಲ್ ನಂಬರ್ ಕೊಟ್ಟಿರುತ್ತೇವೆ. ಅದು ಬಂದ್ ಆದರೆ ನಮ್ಮ ದುಡ್ಡಿಗೆ ನಮಗೇ ಬಾಗಿಲು ಮುಚ್ಚಿದ ಹಾಗೆ. ಅಂಗಡಿಗೆ ಹೋಗಿ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ. ಎಸ್ಸೆಮ್ಮೆಸ್ ಬಂದರೆ ಸಾಕು, ಕರೆ ತೆಗೆಯಬೇಡಿ, ದುಬಾರಿ. ರೀಚಾರ್ಜ್ ಮುಗಿಯುವ ತಾರೀಖನ್ನು ಫೋನಿನಲ್ಲಿ ನೆನಪಿಗೆ ಹಾಕಿಡಿ. ಸಿಮ್ ಕಂಪನಿ ಕೊಟ್ಟದ್ದಾಗಿದ್ದರೆ ರಾಜೀನಾಮೆಗೆ ಮುಂಚೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಿ. ಕೊನೇ ದಿನ ಲ್ಯಾಪ್‌ಟಾಪಿನ ಜೊತೆ ಸಿಮ್ಮನ್ನೂ ವಾಪಸ್ ಕೇಳುತ್ತಾರೆ. ಆಫೀಸಿನ ಇಮೇಲ್ ವಿಳಾಸ ಎಲ್ಲೆಲ್ಲಿ ಕೊಟ್ಟಿದ್ದೀರಿ ಅಂತಲೂ ಹುಡುಕಿ.

ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಎಇ ನಂಬರನ್ನೇ ಜೋಡಿಸಿ ಯುಪಿಐ ಬಳಸುವ ಅವಕಾಶವನ್ನು 2023ರಲ್ಲಿ ಕೊಟ್ಟಿದ್ದಾರೆ. ನಿಮ್ಮ ಬ್ಯಾಂಕು ಅದನ್ನು ಕೊಡುತ್ತದೆಯೇ ಕೇಳಿ.

ಹೆಜ್ಜೆ 6: ತೆರಿಗೆಯಲ್ಲಿ ತಾರೀಖಿನ ಆಟ

ಕೆಲಸಕ್ಕೆಂದು ಹೊರಡುವ ವರ್ಷ ನೀವು ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷಕ್ಕೆ ತೆರಿಗೆ ಲೆಕ್ಕದಲ್ಲೂ ಅನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ರ ಒಳಗೆ ಹೊರಟವರು ಅನಿವಾಸಿ, ಆಮೇಲೆ ಹೊರಟವರು ಸಾಮಾನ್ಯವಾಗಿ ನಿವಾಸಿ. ನಡುವೆ ರಜೆಗೆ ಬಂದ ದಿನಗಳೂ ಸೇರುತ್ತವೆ. ಯುಎಇಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ. ಆದರೆ ನೀವು ಅಕ್ಟೋಬರಿನಲ್ಲಿ ಹೊರಟು ಆ ವರ್ಷ ಇಲ್ಲಿನ ನಿವಾಸಿಯಾಗಿಯೇ ಉಳಿದರೆ, ಮಾರ್ಚ್‌ವರೆಗಿನ ದುಬೈ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಸೆಪ್ಟೆಂಬರಿನ ಆಸುಪಾಸಿನಲ್ಲಿ ಹೊರಡುವವರು ಸೇರುವ ದಿನಾಂಕ ಗೊತ್ತು ಮಾಡುವ ಮೊದಲು ಇದನ್ನು ನೋಡಿ.

ಮನೆ ಬಾಡಿಗೆಗೆ ಕೊಟ್ಟು ಹೋಗುವವರು ಬಾಡಿಗೆದಾರರಿಗೆ ಒಂದು ಮಾತು ಹೇಳಿಡಬೇಕು. ಮಾಲೀಕರು ಅನಿವಾಸಿಯಾದರೆ ಬಾಡಿಗೆದಾರರೇ 31.2 ಶೇಕಡಾ ಟಿಡಿಎಸ್ ಹಿಡಿದು ಕಟ್ಟಬೇಕು. ಬಾಡಿಗೆ ಎಷ್ಟು ಕಡಿಮೆ ಇದ್ದರೂ ವಿನಾಯಿತಿ ಇಲ್ಲ. ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ಜಾಸ್ತಿ ಕಡಿತವಾದದ್ದನ್ನು ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು.

ಹೆಜ್ಜೆ 7: ಜಮೀನು, ಮನೆ, ಸೊಸೈಟಿ ಸಾಲ

ಊರಿನಲ್ಲಿ ಆಸ್ತಿ ಇರುವವರು ಪವರ್ ಆಫ್ ಅಟಾರ್ನಿಯನ್ನು ಇಲ್ಲೇ ಬರೆಸಿ, ಸಬ್ ರಿಜಿಸ್ಟ್ರಾರ್ ಎದುರು ಸಹಿ ಹಾಕಿ ನೋಂದಾಯಿಸಿ. ದುಬೈಯಿಂದಲೂ ಮಾಡಬಹುದು. ಆದರೆ ಭಾರತೀಯ ಕಾನ್ಸುಲೇಟಿನ ದೃಢೀಕರಣ, ಕಾಗದವನ್ನು ಊರಿಗೆ ಕಳಿಸುವುದು, ಇಲ್ಲಿಗೆ ಬಂದ ಮೂರು ತಿಂಗಳ ಒಳಗೆ ಮುದ್ರಾಂಕ ಶುಲ್ಕ ಕಟ್ಟಿಸುವುದು, ಇಷ್ಟೂ ಸುತ್ತು ಇದೆ.

ಏನು ಬರೆಸಬೇಕು ಅನ್ನುವುದೇ ಮುಖ್ಯ. 'ನನ್ನ ಪರವಾಗಿ ಎಲ್ಲ ವ್ಯವಹಾರ' ಎಂದು ಬರೆಸಬೇಡಿ, ತಮ್ಮನೇ ಆಗಿರಲಿ. ಕಂದಾಯ ಕಟ್ಟುವುದು, ಖಾತೆ ಮಾಡಿಸುವುದು, ಪೋಡಿ ಸರ್ವೆಗೆ ಹಾಜರಾಗುವುದು, ಕರೆಂಟ್ ಸಂಪರ್ಕ, ಬಾಡಿಗೆ ಕರಾರು, ತಹಶೀಲ್ದಾರ್ ಕಚೇರಿ, ನ್ಯಾಯಾಲಯ, ಹೀಗೆ ಒಂದೊಂದಾಗಿ ಬರೆಸಿ. ಮಾರುವ ಅಧಿಕಾರ, ಅಡವಿಡುವ ಅಧಿಕಾರ ಇಲ್ಲ ಎನ್ನುವ ಸಾಲೂ ಇರಲಿ. ಅನುಮಾನದಿಂದ ಹೇಳುತ್ತಿಲ್ಲ. ಸಂಬಂಧ ಚೆನ್ನಾಗಿರುವಾಗಲೇ ಇದನ್ನು ಬರೆಸುವುದು ಸುಲಭ.

ಸೊಸೈಟಿಯಲ್ಲಿ ಬೆಳೆ ಸಾಲ ನಿಮ್ಮ ಹೆಸರಲ್ಲಿದ್ದರೆ ಅದನ್ನು ವರ್ಷಕ್ಕೊಮ್ಮೆ ತೀರಿಸಿ ಹೊಸದಾಗಿ ತೆಗೆಯಬೇಕು. ವಾಯಿದೆ ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ. ನೀವಿಲ್ಲದೆ ನವೀಕರಣಕ್ಕೆ ಸಹಿ ಯಾರು ಹಾಕುತ್ತಾರೆ? ತೀರಿಸಿಬಿಡುವುದೇ ವಾಸಿ. ಬ್ಯಾಂಕಿನಲ್ಲಿ ಅಡವಿಟ್ಟ ಬಂಗಾರಕ್ಕೂ ಇದೇ ಮಾತು.

ಕೃಷಿ ಜಮೀನು ಕೊಳ್ಳುವ ಆಸೆ ಇದ್ದರೆ ಗಮನಿಸಿ: ಅನಿವಾಸಿಯಾದ ಮೇಲೆ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದರೂ ತೊಂದರೆ ಇಲ್ಲ.

ಅಪ್ಪ ಅಮ್ಮನ ಆರೋಗ್ಯ ವಿಮೆ ಮಾಡಿಸಿಲ್ಲ ಅಂದರೆ ಹೊರಡುವ ಮೊದಲು ಮಾಡಿಸಿ. ನಿಮ್ಮ ಹೆಸರಲ್ಲಿ ಟರ್ಮ್ ವಿಮೆ ತೆಗೆಯುವುದೂ ಇಲ್ಲಿರುವಾಗ ಸುಲಭ.

ಹೆಜ್ಜೆ 8: ಮೊದಲ ಎರಡು ತಿಂಗಳ ದುಡ್ಡು

ಮೊದಲ ಸಂಬಳ ಕೈಗೆ ಬರುವುದು ನೀವು ಅಂದುಕೊಂಡದ್ದಕ್ಕಿಂತ ತಡ. ಎಮಿರೇಟ್ಸ್ ಐಡಿ ಆಗಬೇಕು, ಬ್ಯಾಂಕ್ ಖಾತೆ ಆಗಬೇಕು. ಕಂಪನಿ ವಸತಿ ಕೊಡದಿದ್ದರೆ ಬಾಡಿಗೆಯೇ ದೊಡ್ಡ ಹೊರೆ. ಅಲ್ಲಿ ವರ್ಷದ ಬಾಡಿಗೆಯನ್ನು ಕೆಲವೇ ಚೆಕ್ಕುಗಳಲ್ಲಿ ಮೊದಲೇ ಕೊಡಬೇಕು.

ವರ್ಷಕ್ಕೆ 48,000 ದಿರ್ಹಂ ಬಾಡಿಗೆಯ ಒಂದು ಸ್ಟುಡಿಯೋ ಅಂತ ಇಟ್ಟುಕೊಳ್ಳಿ, ನಾಲ್ಕು ಚೆಕ್ಕು. ಮೊದಲ ಚೆಕ್ಕು 12,000. ಠೇವಣಿ 5 ಶೇಕಡಾ, ಅಂದರೆ 2,400. ಬ್ರೋಕರಿಗೆ 5 ಶೇಕಡಾ, ಇನ್ನೊಂದು 2,400. ನೀರು, ಕರೆಂಟು ಕೊಡುವ ದುಬೈಯ ಸಂಸ್ಥೆ 'ದೇವಾ'ಗೆ (DEWA) ಠೇವಣಿ 2,000. ಮನೆಯೊಳಗೆ ಕಾಲಿಡುವ ಮೊದಲೇ 18,800 ದಿರ್ಹಂ. ಅದಕ್ಕೇ ಹೊಸಬರು ಮೊದಲು ಬೆಡ್‌ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಒಂದು ಮಂಚದಲ್ಲಿ, ಕೆಲವು ತಿಂಗಳು ಕಳೆಯುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ. ಸಾಲ ಮಾಡಿ ಮನೆ ಹಿಡಿಯುವುದಕ್ಕಿಂತ ಅದು ಸಾವಿರ ಪಾಲು ಮೇಲು.

ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರಿನಷ್ಟು ಮಾತ್ರ ಒಯ್ಯಬಹುದು. ಉಳಿದದ್ದನ್ನು ಫಾರೆಕ್ಸ್ ಕಾರ್ಡಿಗೆ ಹಾಕಿ. ಭಾರತದ ನೋಟು 25,000 ರೂಪಾಯಿಗಿಂತ ಹೆಚ್ಚು ಬೇಡ. ಇಲ್ಲಿನ ಕ್ರೆಡಿಟ್ ಕಾರ್ಡು ಇಟ್ಟುಕೊಳ್ಳುವುದಾದರೆ ಒಂದೇ ಇಟ್ಟುಕೊಂಡು ಬಿಲ್ಲು ತಾನಾಗಿ ಕಟ್ಟುವಂತೆ ಮಾಡಿ, ಉಳಿದವನ್ನು ಮುಚ್ಚಿಸಿ.

ಹೊರಡುವ ವಾರ

ಮೂಲ ಕಾಗದಗಳೆಲ್ಲ ಕೈಚೀಲದಲ್ಲಿ. ಚೆಕ್ ಇನ್ ಮಾಡುವ ಸೂಟ್‌ಕೇಸಿನಲ್ಲಿ ಒಂದೂ ಬೇಡ. ಎಲ್ಲವನ್ನೂ ಸ್ಕ್ಯಾನ್ ಮಾಡಿ ನಿಮಗೇ ಇಮೇಲ್ ಮಾಡಿಕೊಳ್ಳಿ, ಮನೆಯಲ್ಲಿ ಒಬ್ಬರಿಗೆ ಜೆರಾಕ್ಸ್ ಸೆಟ್ಟು ಕೊಡಿ.

ದಿನಾ ತಿನ್ನುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಇರಲಿ. ಕೋಡಿನ್, ಟ್ರಮಡಾಲ್ ಇರುವ ಔಷಧಿಗೆ ಯುಎಇ ಆರೋಗ್ಯ ಸಚಿವಾಲಯದ ಅನುಮತಿ ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕು. ಇಲ್ಲಿ ಕೆಮ್ಮಿಗೆ ಕುಡಿಯುವ ಕೆಲವು ಸಿರಪ್ಪುಗಳಲ್ಲೂ ಕೋಡಿನ್ ಇರುತ್ತದೆ, ಬಾಟಲಿ ಓದಿ ನೋಡಿ. ಅಮ್ಮ ಪ್ರೀತಿಯಿಂದ ಮಸಾಲೆ ಡಬ್ಬಿಯಲ್ಲಿ ಗಸಗಸೆ ಕಟ್ಟಿಕೊಟ್ಟಿದ್ದರೆ ತೆಗೆದಿಡಿ. ಅಲ್ಲಿ ಅದು ಮಾದಕ ವಸ್ತುವಿನ ಪಟ್ಟಿಗೆ ಸೇರುತ್ತದೆ, ಸಾಸಿವೆಯಷ್ಟು ಸಿಕ್ಕರೂ ಜೈಲಿನ ಮಾತು. ಮಸಾಲೆ ಪುಡಿಗೂ ಅದನ್ನು ಹಾಕಿ ಹುರಿದಿದ್ದಾರಾ ಕೇಳಿ. ಎಲೆ ಅಡಿಕೆಯನ್ನೂ ಒಯ್ಯುವಂತಿಲ್ಲ.

ಇಳಿದ ಮೇಲೆ ಪಾಸ್‌ಪೋರ್ಟು ನಿಮ್ಮ ಹತ್ತಿರವೇ ಇರಲಿ. ವೀಸಾ ಕೆಲಸಕ್ಕೆಂದು ತೆಗೆದುಕೊಂಡರೆ ವಾಪಸ್ ಕೇಳಿ, ಅದನ್ನು ಇಟ್ಟುಕೊಳ್ಳುವ ಹಕ್ಕು ಕಂಪನಿಗೆ ಇಲ್ಲ. ಸಂಬಳ, ಪಾಸ್‌ಪೋರ್ಟು, ವಸತಿ ಯಾವುದರಲ್ಲಿ ತೊಂದರೆಯಾದರೂ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಕರೆ ಮಾಡಬಹುದು. ನಂಬರು 800 46342, ಯುಎಇ ಒಳಗಿನಿಂದ ಉಚಿತ. ಹೊರಡುವ ಮೊದಲೇ ಫೋನಿನಲ್ಲಿ ಸೇವ್ ಮಾಡಿ, ಮನೆಯವರಿಗೂ ಬರೆದುಕೊಡಿ.